ಬುಟ್ಟಿ ಮಾರಿ ಹೆಂಚು ಹೊದಿಸಿದ ಲೆಕ್ಕ

(ಶಿರಸಿ ಕಡೆಯ ಒಂದು ಸರ್ಕಾರಿ ಶಾಲೆಯ ಹಳೆಯ ವಿದ್ಯಾರ್ಥಿಗಳು ಕರೆದಿದ್ದ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಬೈಸಿಕೊಂಡ ಭಾಗ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡುವಾಗ ನನ್ನನ್ನು ‘ಕರಕುಶಲ ಸಂತೆಯ ರೂವಾರಿ’ ಅಂದರು. ಅದು ಸ್ವಲ್ಪ ಜಾಸ್ತಿಯಾಯಿತು. ನಾನು ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು. ಬುಟ್ಟಿ ಹೆಣೆಯಲು ಬರುವುದಿಲ್ಲ. ಸೂಜಿಗೆ ದಾರ ಪೋಣಿಸೋಣ ಅಂದರೆ ಈಗ ಕಣ್ಣು ಕೇಳುವುದಿಲ್ಲ. ಕೂಡುವುದು, ಕಳೆಯುವುದು ಮಾತ್ರ ಗೊತ್ತು. ನಿಮ್ಮ ಶಾಲೆಗೂ ಒಂದು ಸಂತೆ ಮಾಡಿ ದುಡ್ಡು ಎತ್ತಬೇಕು ಅಂತ ಇದ್ದೀರಂತೆ. ನಾವು ಮಾಡಿದ್ದರಲ್ಲಿ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಹೇಳಿದರೆ ನಿಮಗೆ ಒಂದು ವರ್ಷ ಉಳಿಯಬಹುದು.

ನಮ್ಮೂರು ಸಾಗರದ ಹತ್ತಿರ. ಶಾಲೆಯಲ್ಲಿ ಮಕ್ಕಳಿಗೆ ಓದಲು ಒಂದು ಕೋಣೆ ಇದೆ. ಅದರ ಮಾಡು ಸೋರುತ್ತಿತ್ತು. ಸುಮ್ನೆ ಹನಿ ಬೀಳುವುದಲ್ಲ, ನಮ್ಮ ಕಡೆಯ ಮಳೆ ನಿಮಗೆ ಗೊತ್ತೇ ಇದೆ. ಜೂನ್ ಬಂತೆಂದರೆ ಪುಸ್ತಕಗಳನ್ನು ಈ ಮೂಲೆಯಿಂದ ಆ ಮೂಲೆಗೆ ಹೊರುವುದೇ ಮೇಷ್ಟ್ರಿಗೆ ಕೆಲಸ. ಹೆಂಚು ಇಳಿಸಿ, ಗೆದ್ದಲು ತಿಂದ ಪಕಾಸು, ರೀಪು ಬದಲಾಯಿಸಿ, ಮತ್ತೆ ಹೊದಿಸಬೇಕಿತ್ತು. ಮನೆಮನೆಗೆ ಹೋಗಿ ವಂತಿಗೆ ಕೇಳಬಹುದಿತ್ತು. ಆದರೆ ಆ ವರ್ಷ ದೇವಸ್ಥಾನದ ವಂತಿಗೆ ಆಗಿತ್ತು, ಯಕ್ಷಗಾನದ್ದೂ ಆಗಿತ್ತು. ಮೂರನೇ ಸಲ ರಸೀದಿ ಪುಸ್ತಕ ಹಿಡಿದು ಅಂಗಳಕ್ಕೆ ಕಾಲಿಟ್ಟರೆ ನಾಯಿಯೂ ಗುರುತು ಹಿಡಿದು ಬೊಗಳುತ್ತದೆ.

ಆಗ ಯಾರೋ ಹೇಳಿದರು, ನಮ್ಮ ಸುತ್ತಮುತ್ತ ಇಷ್ಟು ಕೈಕೆಲಸದವರು ಇದ್ದಾರೆ, ಒಂದು ಭಾನುವಾರ ಶಾಲೆ ಅಂಗಳದಲ್ಲಿ ಸಂತೆ ಹಾಕೋಣ ಅಂತ. ಮಾತು ಸರಿಯಾಗಿಯೇ ಇತ್ತು. ಬಿದಿರಿನ ಹೆಡಿಗೆ ಅಂದರೆ ಬುಟ್ಟಿ, ಮೊರ ಮಾಡುವ ಮೇದಾರರು ಇದ್ದಾರೆ. ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ದೀವರ ಹೆಂಗಸರು ಇದ್ದಾರೆ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟ ಅಕ್ಕಿಯ ಕಪ್ಪು, ಕುಂಚಕ್ಕೆ ಪುಂಡಿ ನಾರು, ಎಲ್ಲ ಮನೆಯ ಸುತ್ತಲಿನದೇ. ಬೆಂಡಿನಲ್ಲಿ ಬಾಸಿಂಗ ಮಾಡುವ ಗುಡಿಗಾರರು ಸಾಗರ, ಸೊರಬ, ಶಿರಸಿಯಲ್ಲೆಲ್ಲ ಇದ್ದಾರೆ. ನಿಮ್ಮ ಕಡೆ ಇನ್ನೂ ಒಳ್ಳೆಯದು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕವಂದಿ ಇದೆ. ನಾನು ಒಂದು ತಂದು ಹೊದ್ದಿದ್ದೇನೆ, ಕಂಬಳಿ ಮರೆತೇ ಹೋಯಿತು.

ಸರಿ, ಸಂತೆ ಅಂತ ತೀರ್ಮಾನವಾಯಿತು. ಲೆಕ್ಕ ನನ್ನ ಪಾಲಿಗೆ ಬಂತು. ತಪ್ಪಾದದ್ದು ಅಲ್ಲೇ.

ಸೊಸೈಟಿ ತಲೆ ನೋಡಿ ನನ್ನದು. ವ್ಯಾಪಾರ ನಡೆದರೆ ಅದರಲ್ಲಿ ನೂರಕ್ಕೆ ಇಷ್ಟು ಅಂತ ಕಮಿಷನ್ ಮುರಿದುಕೊಳ್ಳುವುದು ಅಭ್ಯಾಸ. ‘ಮಾರಿದ್ದರಲ್ಲಿ ನೂರಕ್ಕೆ 25 ಶಾಲೆಗೆ’ ಅಂದೆ. ಒಳ್ಳೆಯ ಕೆಲಸಕ್ಕಲ್ಲವೇ, ಯಾರೂ ಬೇಡ ಅನ್ನಲಿಲ್ಲ. ಯಾರೂ ಅಂದರೆ ಕಮಿಟಿಯಲ್ಲಿ ಕೂತವರು ಯಾರೂ. ಬುಟ್ಟಿ ಹೆಣೆಯುವವರು ಕಮಿಟಿಯಲ್ಲಿ ಇರಲಿಲ್ಲ.

ಸಂತೆಗೆ ಜನ ಬಂದರು. ಒಟ್ಟು ವ್ಯಾಪಾರ 58,400 ರೂಪಾಯಿ. ಕಮಿಷನ್ 14,600. ನಾನು ಖುಷಿಯಾದೆ. ಸಂಜೆ ಖರ್ಚು ಬರೆಯಲು ಕೂತೆ. ಶಾಮಿಯಾನ, ಕುರ್ಚಿ, ಮೈಕು, ಬ್ಯಾನರು, ಕೆಲಸ ಮಾಡಿದವರ ಊಟ ಎಲ್ಲ ಸೇರಿ 12,900. ಉಳಿದದ್ದು 1,700 ರೂಪಾಯಿ. ನಾಲ್ಕು ವಾರ ಇಪ್ಪತ್ತು ಜನ ಓಡಾಡಿದ್ದಕ್ಕೆ ಸಾವಿರದ ಏಳುನೂರು. ತಲೆಗೆ ನೂರು ರೂಪಾಯಿ ಹಾಕಿಕೊಂಡು ಮನೆಯಲ್ಲೇ ಮಲಗಿದ್ದರೂ ಇದಕ್ಕಿಂತ ಜಾಸ್ತಿ ಆಗುತ್ತಿತ್ತು.

ಅದು ನನ್ನ ಅವಮಾನ, ಹೋಗಲಿ. ಇನ್ನೊಂದು ಇದೆ. ಹೆಡಿಗೆ ತಂದಿದ್ದ ಒಬ್ಬ ಅಕ್ಕ ಹೊರಡುವ ಮುಂಚೆ ನನ್ನ ಮೇಜಿನ ಹತ್ತಿರ ಬಂದರು. ಅವರು ತಂದದ್ದು ಹನ್ನೆರಡು, ಹೋದದ್ದು ಎಂಟು. ಒಂದಕ್ಕೆ 200ರಂತೆ 1,600. ಅದರಲ್ಲಿ ನಾನು ಮುರಿದುಕೊಂಡದ್ದು 400. ಬಂದು ಹೋಗುವ ಆಟೋಗೆ 350. ಅವರ ಪಾಲಿಗೆ ಉಳಿಯುವುದು 850. ಆ ಅಕ್ಕ ಸಿಟ್ಟಿನಲ್ಲಿ ಹೇಳಲಿಲ್ಲ, ಅದೇ ಕಷ್ಟ. ‘ಸೆಕ್ರೆಟ್ರಿಯವರೇ, ಮನೇಲೇ ಕೂತಿದ್ರೆ ನನಗೆ ಲಾಭ ಆಗ್ತಿತ್ತು’ ಅಂದರು ಅಷ್ಟೇ.

ಮನೆಗೆ ಹೋಗಿ ಆ ಮಾತನ್ನು ಲೆಕ್ಕ ಹಾಕಿ ನೋಡಿದೆ. ಎಂಟು ಹೆಡಿಗೆಗೆ 850 ಅಂದರೆ ಒಂದಕ್ಕೆ ನೂರು ಚಿಲ್ಲರೆ. ಅದರಲ್ಲೇ ಬಿದಿರಿನ ದುಡ್ಡೂ ಸೇರಿತು. ಬಿದಿರು ತರಬೇಕು, ಸೀಳಬೇಕು, ಗಂಟು ಕೆತ್ತಬೇಕು, ಆಮೇಲೆ ಹೆಣಿಗೆ. ಒಂದು ಒಳ್ಳೆ ಹೆಡಿಗೆ ಅಂದರೆ ಹತ್ತಿರ ಹತ್ತಿರ ಒಂದು ದಿನದ ಕೆಲಸ ಅಂತ ಅವರೇ ಆಮೇಲೆ ಹೇಳಿದರು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೆರೆ ಹೂಳು ಎತ್ತುವವರಿಗೆ ಸರ್ಕಾರ ಕೊಡುತ್ತಿದ್ದ ಕೂಲಿ ಅದು. ನಾವು ‘ಕಲೆ’, ‘ಪರಂಪರೆ’ ಅಂತ ಬ್ಯಾನರಿನಲ್ಲಿ ಬರೆದು ಕೂರಿಸಿದ ಹೆಂಗಸಿಗೆ ಅದರ ಮೂರನೇ ಒಂದು ಪಾಲೂ ಗಿಟ್ಟಲಿಲ್ಲ. ಶಾಲೆಯ ಮಾಡಿಗೆ ಬಂದ ದುಡ್ಡು ಊರಿನವರದ್ದಲ್ಲ, ಆ ಅಕ್ಕನದ್ದು. ಅವರ ಮಾಡು ಸೋರುತ್ತದೋ ಇಲ್ಲವೋ, ನಾವು ಕೇಳಿರಲಿಲ್ಲ.

ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ಉಳಿದದ್ದನ್ನು ನೀವು ಹೇಗೂ ಮಾಡಿಕೊಳ್ಳುತ್ತೀರಿ. ನಿಧಿ ಕೂಡಿಸಲು ಸಂತೆ ಮಾಡಿ, ಆದರೆ ಮಾರಲು ಬಂದವರ ಜೇಬಿಗೆ ಕೈ ಹಾಕಬೇಡಿ. ಅವರಿಂದ ಜನ ಬರುತ್ತಾರೆ. ಆ ಬಂದ ಜನರಿಂದ ದುಡ್ಡು ಎತ್ತುವ ದಾರಿ ಬೇರೆ ಇದೆ.

ಆ ದಾರಿ ನನಗೆ ಹೊಳೆದದ್ದು ಗಣಪತಿ ಹಬ್ಬದಲ್ಲಿ. ಫಲಾವಳಿ ಸವಾಲು, ಅಂದರೆ ಹರಾಜು, ನೋಡಿದ್ದೀರಲ್ಲ? ಗಣಪತಿ ಮೇಲೆ ಕಟ್ಟಿದ ಒಂದು ತೆಂಗಿನಕಾಯಿ, ಒಂದು ಹೀರೇಕಾಯಿ, ಒಂದು ಅನಾನಸು. ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ಐದು ರೂಪಾಯಿ ಇಳಿಸು ಅಂತ ಜಗಳ ಆಡುವ ಮನುಷ್ಯ ಅಲ್ಲಿ ಅದೇ ತೆಂಗಿನಕಾಯಿಗೆ ಎರಡು ಸಾವಿರ ಕೂಗುತ್ತಾನೆ. ಪಕ್ಕದ ಮನೆಯವನು ಎರಡು ಸಾವಿರದ ನೂರು ಅಂದರೆ ಇವನು ಬಿಡುವುದಿಲ್ಲ. ಆ ಹೊತ್ತಿಗೆ ಅದು ತೆಂಗಿನಕಾಯಿಯೇ ಅಲ್ಲ.

ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಹೆಸರು ಕೇಳಿರುತ್ತೀರಿ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಆದಾಗ ಅದರ ಅಧ್ಯಕ್ಷರಾದರು. ದೇಶದ ಮೂಲೆ ಮೂಲೆಯ ಕುಶಲಕರ್ಮಿಗಳನ್ನು ಹುಡುಕಿಕೊಂಡು ಹೋದವರು. ಅದಕ್ಕೂ ಮುಂಚೆ, 1930ರ ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ, ಅವರು ಮುಂಬೈಯ ಬೀದಿಯಲ್ಲಿ ಉಪ್ಪಿನ ಪೊಟ್ಟಣ ಮಾರಿದರು. ಷೇರು ಪೇಟೆಗೂ ನುಗ್ಗಿ ಮಾರಿದರು. ಆ ಉಪ್ಪನ್ನು ಕೊಂಡವರು ಸಾರಿಗೆ ಹಾಕಲು ಕೊಂಡರೇ? ನನಗಂತೂ ಅದು ದೊಡ್ಡ ಫಲಾವಳಿ ಸವಾಲಿನ ಹಾಗೇ ಕಾಣುತ್ತದೆ. ಉಪ್ಪಿಗೆ ಒಂದು ಬೆಲೆ, ಕಾರಣಕ್ಕೆ ಇನ್ನೊಂದು ಬೆಲೆ. ಈ ಎರಡನ್ನು ಕಲಸಿದ್ದೇ ನನ್ನ ಮೊದಲನೇ ವರ್ಷದ ತಪ್ಪು.

ಎರಡನೇ ವರ್ಷ ಎರಡನ್ನೂ ಬೇರೆ ಮಾಡಿದೆವು. ಮೊದಲು ಆ ಅಕ್ಕನ ಮನೆಗೆ ಹೋದೆವು. ಕಮಿಟಿಗೆ ಬನ್ನಿ ಅಂದೆವು. ‘ನನಗೆ ಮೀಟಿಂಗ್ ಎಲ್ಲ ಆಗಲ್ಲ’ ಅಂದರು, ಆದರೆ ಮೂರಕ್ಕೆ ಎರಡು ಮೀಟಿಂಗಿಗೆ ಬಂದರು. ಬೆಲೆ ಮಾರುವವರೇ ಹೇಳಬೇಕು, ಬರೆದು ಹಚ್ಚಬೇಕು, ಚೌಕಾಸಿ ಇಲ್ಲ ಅಂತ ಅವರೇ ನಿಯಮ ಮಾಡಿಸಿದರು. ಹೆಡಿಗೆಗೆ 450 ಹಚ್ಚಿದರು. ನಮ್ಮ ಕಮಿಟಿಯ ಅರ್ಧ ಜನರಿಗೆ ಎದೆ ಒಡೆಯಿತು, ಯಾರು ಕೊಳ್ಳುತ್ತಾರೆ ಅಂತ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ‘ಬಿದಿರು ಇಷ್ಟು, ಸೀಳುವುದು ಇಷ್ಟು ಹೊತ್ತು, ಹೆಣೆಯುವುದು ಇಷ್ಟು ಹೊತ್ತು’ ಅಂತ ಬರೆದು ತೂಗುಹಾಕಿದೆವು. ಹನ್ನೆರಡರಲ್ಲಿ ಹನ್ನೊಂದು ಹೋದವು.

ಕಮಿಷನ್ ತೆಗೆದೆವು. ಮೇಜಿಗೆ 100 ರೂಪಾಯಿ ಇಟ್ಟೆವು, ಅಷ್ಟೇ. ಅದನ್ನೂ ಬಿಡೋಣ ಅಂದವರಿದ್ದರು. ನಾನು ಬೇಡ ಅಂದೆ. ಪುಕ್ಕಟೆ ಮೇಜು ಅಂದರೆ ಬರುತ್ತೇನೆ ಅಂದವರು ಬೆಳಗ್ಗೆ ಬರುವುದಿಲ್ಲ.

ಇನ್ನು ಸವಾಲು. ಪ್ರತಿ ಅಂಗಡಿಯಿಂದ ಒಂದೊಂದು ವಸ್ತುವನ್ನು ಕಮಿಟಿಯೇ ಪೂರ್ತಿ ಬೆಲೆ ಕೊಟ್ಟು ಕೊಂಡಿತು. ದಾನವಾಗಿ ಕೇಳಲಿಲ್ಲ, ಇದು ನೆನಪಿರಲಿ. ಕಮಿಟಿಗೆ ಬಿದ್ದದ್ದು 3,000 ರೂಪಾಯಿ. ಮಧ್ಯಾಹ್ನ ತಿಂಡಿ ಮುಗಿದು ಜನ ಸ್ವಲ್ಪ ಮೆತ್ತಗಾದ ಹೊತ್ತಿನಲ್ಲಿ ಅವನ್ನು ಒಂದೊಂದೇ ಸವಾಲಿಗೆ ಇಟ್ಟೆವು. ಜೊತೆಗೆ ಮಕ್ಕಳು ಮಣ್ಣಿನಲ್ಲಿ ಮಾಡಿದ ಒಂದು ಎಮ್ಮೆ. ಆ ಎಮ್ಮೆಗೆ ಮೂರೇ ಕಾಲು ಇತ್ತು, ನಾಲ್ಕನೆಯದು ಒಣಗುವಾಗ ಮುರಿದಿತ್ತು. ಅದೇ ಎಲ್ಲಕ್ಕಿಂತ ಜಾಸ್ತಿಗೆ ಹೋಯಿತು. ಕೂಗುವವನು ಮಾತ್ರ ಒಳ್ಳೆಯವನು ಬೇಕು. ನಮ್ಮಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳುವ ಒಬ್ಬರು ಇದ್ದರು. ಅವರು ಹೆಡಿಗೆ ಕೈಯಲ್ಲಿ ಹಿಡಿದು ಕೌರವನಿಗೂ ಭೀಮನಿಗೂ ಜಗಳ ಹಚ್ಚಿಬಿಟ್ಟರು. ಸವಾಲಿನಲ್ಲಿ ಬಂದದ್ದು 23,500.

ಇದರ ಮಧ್ಯೆ ಒಬ್ಬರು ‘ಲಕ್ಕಿ ಡಿಪ್’ ಮಾಡೋಣ ಅಂದರು. ಹತ್ತು ರೂಪಾಯಿ ಚೀಟಿ, ಕೊನೆಗೆ ಎತ್ತಿ ಮಿಕ್ಸಿ ಕೊಡುವುದು. ಬೇಡ ಅಂದೆ. ದುಡ್ಡು ತಗೊಂಡು ಚೀಟಿ ಕೊಟ್ಟು ಅದೃಷ್ಟದ ಮೇಲೆ ಬಹುಮಾನ ಕೊಟ್ಟರೆ ಅದಕ್ಕೆ ಹೆಸರು ಲಾಟರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಶಾಲೆಯ ಅಂಗಳದಲ್ಲಿ ಅದು ಬೇಕಾ? ಸವಾಲಿನಲ್ಲಿ ಆ ತಕರಾರು ಇಲ್ಲ, ಎಲ್ಲರ ಎದುರೇ ನಡೆಯುತ್ತದೆ.

ದುಡ್ಡು ಬರುವ ಇನ್ನೊಂದು ಕಡೆ ಅಡುಗೆ. ಇದನ್ನು ನೀವು ಸಣ್ಣದಾಗಿ ನೋಡಬೇಡಿ. ಹೆಡಿಗೆ ಕೊಳ್ಳದೆ ಹೋಗುವವರು ಇರುತ್ತಾರೆ, ಹಸಿವು ಇಲ್ಲದೆ ಹೋಗುವವರು ಇಲ್ಲ. ನಾವು ಊಟ ಇಡಲಿಲ್ಲ, ಊಟ ಅಂದರೆ ಪಾತ್ರೆ, ಎಲೆ, ಬಡಿಸುವವರು ಎಲ್ಲ ಬೇಕು. ತಿಂಡಿ ಇಟ್ಟೆವು. ಮಂಡಕ್ಕಿ, ಮಜ್ಜಿಗೆ, ಕಷಾಯ, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಮತ್ತೆ ತೊಡದೇವು. ಅದನ್ನು ಮನೆಯಲ್ಲಿ ಮಾಡಿ ತರಬೇಡಿ, ಅಲ್ಲೇ ಮಾಡಿಸಿ. ಮಡಕೆ ಬೋರಲು ಹಾಕಿ, ಕೆಳಗೆ ಬೆಂಕಿ ಇಟ್ಟು, ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಎಳೆಯುವುದನ್ನು ನೋಡಲು ಜನ ಸಾಲು ನಿಲ್ಲುತ್ತಾರೆ. ಕಾಗದದಷ್ಟು ತೆಳ್ಳಗೆ ಎದ್ದು ಬರುವುದನ್ನು ನೋಡಿದ ಮೇಲೆ ತಿನ್ನದೆ ಹೋಗುವುದು ಕಷ್ಟ. ಸಾಮಾನಿನ ಖರ್ಚು ಕಳೆದು ಅಡುಗೆಯಲ್ಲಿ 11,200 ಉಳಿಯಿತು. ತಿಂಡಿ ಮಾರುವವರು ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಂಡಿದ್ದಾರಾ ಕೇಳಿ. ಸಣ್ಣ ವ್ಯಾಪಾರಕ್ಕೆ ಅದರ ಶುಲ್ಕ ದೊಡ್ಡದಲ್ಲ. ಉಪ್ಪಿನಕಾಯಿ, ಹಪ್ಪಳ ಮಾಡುವ ಎಷ್ಟೋ ಸಂಘದವರು ಈಗಾಗಲೇ ಮಾಡಿಸಿರುತ್ತಾರೆ.

ಅಡುಗೆ ಎಲ್ಲಿ ಇಡಬೇಕು ಅನ್ನುವುದೂ ಮುಖ್ಯ. ಮೊದಲ ವರ್ಷ ಗೇಟಿನ ಪಕ್ಕದಲ್ಲೇ ಇಟ್ಟಿದ್ದೆವು. ಜನ ಬಂದರು, ತಿಂದರು, ಅಲ್ಲೇ ನಿಂತು ಅಡಿಕೆ ರೇಟು ಮಾತಾಡಿದರು, ಹೋದರು. ಎರಡನೇ ವರ್ಷ ಅಂಗಳದ ಕೊನೆಗೆ, ಬಾವಿ ಹತ್ತಿರ ಹಾಕಿದೆವು. ಮಜ್ಜಿಗೆ ಕುಡಿಯಬೇಕೆಂದರೆ ಎಲ್ಲ ಅಂಗಡಿ ದಾಟಿಯೇ ಹೋಗಬೇಕು. ಹಾಗೇ ಪಶ್ಚಿಮದ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಒಂದು ದಿನ ಮುಂಚೆ ಮೂರು ಗಂಟೆಗೆ ಹೋಗಿ ನಿಂತು ನೋಡಿ. ಬುಟ್ಟಿಗೆ ಬಿಸಿಲು ತೊಂದರೆ ಇಲ್ಲ, ಕೂತವರಿಗೆ ಇದೆ. ಬಾಳೆಹಣ್ಣು ಇಟ್ಟರೆ ಮಂಗನ ಕಾವಲಿಗೆ ಒಬ್ಬ ಹುಡುಗ ಬೇಕು. ನಗಬೇಡಿ, ಮೊದಲ ವರ್ಷ ಒಂದು ಮಂಗ ಬಾಳೆಹಣ್ಣಿನ ಜೊತೆ ಬೆಂಡಿನ ಬಾಸಿಂಗವನ್ನೂ ಎತ್ತಿಕೊಂಡು ಹೋಯಿತು. ಮದುವೆ ಎಲ್ಲಿ ಆಯಿತೋ ಗೊತ್ತಿಲ್ಲ.

ದಿನ ಗೊತ್ತು ಮಾಡುವುದು ನಮ್ಮ ಕಡೆ ಸುಲಭ ಅಲ್ಲ. ಮಳೆಗಾಲ ಬಿಟ್ಟುಬಿಡಿ. ನವೆಂಬರಿನಿಂದ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಆಗ ಜನರ ಕೈ ಖಾಲಿ ಇರುವುದಿಲ್ಲ, ಜೇಬು ಖಾಲಿ ಇರುತ್ತದೆ. ಅಡಿಕೆ ಮಂಡಿಗೆ ಹೋಗಿ ದುಡ್ಡು ಬರುವ ಹೊತ್ತಿಗೆ ಮಾರ್ಚಿನ ಪರೀಕ್ಷೆ. ಏಪ್ರಿಲ್, ಮೇ ಮದುವೆ. ಮುಹೂರ್ತ ಜಾಸ್ತಿ ಇರುವ ಭಾನುವಾರ ಶಾಮಿಯಾನವೂ ಸಿಗುವುದಿಲ್ಲ, ಜನವೂ ಸಿಗುವುದಿಲ್ಲ. ಮಾರಿಕಾಂಬಾ ಜಾತ್ರೆ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ, ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ. ಆ ವರ್ಷ ಜಾತ್ರೆಯ ಆಸುಪಾಸಿಗೆ ಹೋಗಲೇಬೇಡಿ, ಜನ ಬಳೆ, ಬತ್ತಾಸಿಗೆ ದುಡ್ಡು ಎತ್ತಿಟ್ಟಿರುತ್ತಾರೆ. ನಾವು ಫೆಬ್ರವರಿ ಮೊದಲ ವಾರಗಳಲ್ಲಿ ಪಂಚಾಂಗ ನೋಡಿ, ಮುಹೂರ್ತ ಇಲ್ಲದ ಭಾನುವಾರ ಆರಿಸಿದೆವು. ಪಂಚಾಂಗವನ್ನು ಮುಹೂರ್ತ ಇಲ್ಲದ ದಿನಕ್ಕೆ ಹುಡುಕಿದವರು ನಾವೇ ಇರಬೇಕು.

ಅನುಮತಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶಾಲೆಯ ಜಾಗ ಆದ್ದರಿಂದ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಪತ್ರ ಕೊಡಿ, ಪಂಚಾಯಿತಿಗೆ ಒಂದು ಪ್ರತಿ. ಮೈಕಿಗೆ ಪೊಲೀಸ್ ಠಾಣೆಯಿಂದ ಒಪ್ಪಿಗೆ. ಸಂಜೆ ಮೇಲೆ ಯಕ್ಷಗಾನ ಸೇರಿಸುವ ಆಸೆ ಇದ್ದರೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ ಅನ್ನುವುದು ನೆನಪಿರಲಿ. ಚುನಾವಣೆ ಘೋಷಣೆ ಆಗುವ ಹಾಗಿದ್ದರೆ ಸ್ವಲ್ಪ ತಾಳಿ, ಇಲ್ಲದಿದ್ದರೆ ಉದ್ಘಾಟನೆಗೆ ಯಾರನ್ನು ಕರೆಯಬೇಕು ಅನ್ನುವುದೇ ಜಗಳ. ನಾವು ಉದ್ಘಾಟನೆಯನ್ನೇ ತೆಗೆದುಹಾಕಿದೆವು. ಎರಡು ಗಂಟೆ ವ್ಯಾಪಾರ ಉಳಿಯಿತು.

ದುಡ್ಡು ತೆಗೆದುಕೊಳ್ಳುವ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಎಲ್ಲ ದುಡ್ಡೂ ನನ್ನ ಮೇಜಿಗೆ ಬರಬೇಕು, ಕೂಪನ್ ಕೊಡುತ್ತೇವೆ, ಆಮೇಲೆ ಹಂಚುತ್ತೇವೆ ಅಂತ ಮಾಡಿದ್ದೆ. ಲೆಕ್ಕ ಚೆಂದ ಕಾಣುತ್ತದೆ ಅಂತ. ಹಂಚಲು ಮೂರು ವಾರ ಆಯಿತು. ಮೂರು ವಾರ! ಬಿದಿರು ಕೊಟ್ಟವನು ಕಾಯುತ್ತಾನಾ? ಎರಡನೇ ವರ್ಷ ಮಾರುವವರ ದುಡ್ಡು ಮಾರುವವರ ಕೈಗೇ. ಅವರದೇ ಕ್ಯೂಆರ್ ಕೋಡು, ಇಲ್ಲದವರಿಗೆ ಬೀಗ ಇರುವ ಒಂದು ಡಬ್ಬಿ, 10, 20ರ ಚಿಲ್ಲರೆ 500 ರೂಪಾಯಿಯಷ್ಟು. ಕಮಿಟಿಯ ಕ್ಯೂಆರ್ ತಿಂಡಿ ಮೇಜಿನಲ್ಲಿ, ಸವಾಲಿನ ಮೇಜಿನಲ್ಲಿ ಮಾತ್ರ. ಅದನ್ನು ಬೇರೆ ಎಲ್ಲಿಯೂ ಅಂಟಿಸಬೇಡಿ, ಜನ ಕಂಡ ಕಡೆ ಸ್ಕ್ಯಾನ್ ಮಾಡುತ್ತಾರೆ, ಆಮೇಲೆ ಯಾರದ್ದು ಯಾರಿಗೆ ಹೋಯಿತು ಅಂತ ಹುಡುಕುವುದು ನಿಮ್ಮ ಪಾಡು. ನಿಮ್ಮ ಶಾಲೆ ಹಿಂದೆ ಸಿಗ್ನಲ್ ಬರುತ್ತದಾ? ನಮ್ಮಲ್ಲಿ ಹುಣಸೆ ಮರದ ಕೆಳಗೆ ಮಾತ್ರ ಬರುತ್ತದೆ. ಅಲ್ಲಿ ಒಬ್ಬ ಹುಡುಗ ವೈಫೈ ಹಿಡಿದು ಕೂತ.

ಪೇಟೆಯಿಂದ ಬಂದ ಕೆಲವರು, ಹೆಡಿಗೆ ಕೊಂಡದ್ದಕ್ಕೆ ತೆರಿಗೆ ವಿನಾಯಿತಿಯ ರಸೀದಿ ಕೊಡಿ ಅಂದರು. ಕೊಂಡದ್ದು ದೇಣಿಗೆ ಅಲ್ಲ, ವ್ಯಾಪಾರ. ನಿಜವಾಗಿ ದೇಣಿಗೆ ಕೊಡುವವರಿಗೂ ಮೊದಲೇ ಹೇಳಿಬಿಡಿ. ವಿನಾಯಿತಿ ಕೊಡುವ ನೋಂದಣಿ ನಿಮ್ಮ ಸಂಘಕ್ಕೆ ಇರಬೇಕು. ಇದ್ದರೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಸಂಘಕ್ಕೆ ಇರಲಿಲ್ಲ. ಹಾಗಂತ ಬೋರ್ಡಿನಲ್ಲಿ ಬರೆದೆವು. ಆದರೂ ದೇಣಿಗೆ ಡಬ್ಬಿಯಲ್ಲಿ 6,300 ಬಿತ್ತು.

ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅನ್ನುವುದು ಇನ್ನೂ ನಮಗೇ ಬಗೆಹರಿದಿಲ್ಲ. ಒಬ್ಬರು ಪ್ಲಾಸ್ಟಿಕ್ ಹೂವಿನ ತೋರಣ ತಂದರು. ‘ಕೈಯಲ್ಲೇ ಪೋಣಿಸಿದ್ದೇನೆ’ ಅಂದರು. ಸುಳ್ಳಲ್ಲ. ಇನ್ನೊಬ್ಬರು ಚನ್ನಪಟ್ಟಣದ ಗೊಂಬೆ ಅಂತ ತಂದರು. ಹಾಲೆ ಮರದ್ದು, ಅರಗಿನ ಬಣ್ಣದ್ದು ಅಂತ ಹೇಳಿದರು. ಉಗುರಿನಿಂದ ಕೆರೆದರೆ ಪೇಂಟು ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಅದನ್ನು ಮೇಜಿನ ಕೆಳಗೆ ಇಡಿಸಿದೆವು. ಪ್ಲಾಸ್ಟಿಕ್ ತೋರಣಕ್ಕೆ ಏನು ಹೇಳಬೇಕು ತಿಳಿಯದೆ ಬಿಟ್ಟೆವು. ಚೆನ್ನಾಗಿ ವ್ಯಾಪಾರ ಆಯಿತು ಬೇರೆ. ನಿಮ್ಮಲ್ಲಿ ಯಾರಿಗಾದರೂ ಒಳ್ಳೆ ನಿಯಮ ಹೊಳೆದರೆ ನನಗೂ ಹೇಳಿ.

ಎರಡನೇ ವರ್ಷದ ಲೆಕ್ಕ ಹೇಳಿ ಮುಗಿಸುತ್ತೇನೆ. ಹದಿನೆಂಟು ಮೇಜಿನಿಂದ 1,800. ಅಡುಗೆಯಿಂದ 11,200. ಸವಾಲಿನಲ್ಲಿ ವಸ್ತು ಕೊಂಡ ದುಡ್ಡು ಕಳೆದು 20,500. ಡಬ್ಬಿ 6,300. ಒಟ್ಟು 39,800. ಶಾಮಿಯಾನ ದೇವಸ್ಥಾನದ್ದೇ ಸಿಕ್ಕಿದ್ದರಿಂದ ಖರ್ಚು 9,400ಕ್ಕೆ ನಿಂತಿತು. ಉಳಿದದ್ದು 30,400. ಮಾಡಿನ ಅರ್ಧ ಭಾಗಕ್ಕೆ, ಕಪಾಟು ಇರುವ ಕಡೆಗೆ, ಹೊಸ ಪಕಾಸು, ರೀಪು, ಹೆಂಚು ಬಂತು. ಇನ್ನರ್ಧ ಮೂರನೇ ವರ್ಷ. ಲೆಕ್ಕವನ್ನು ಮರುದಿನ ಬೆಳಗ್ಗೆಯೇ ಹಾಲಿನ ಡೈರಿಯ ಗೋಡೆಗೆ ಅಂಟಿಸಿದ್ದೆ. ಎಲ್ಲರೂ ಎರಡು ಹೊತ್ತು ಬರುವ ಜಾಗ ಅದೊಂದೇ. ಮಂಡಕ್ಕಿಗೆ ಇಷ್ಟೊಂದು ಎಣ್ಣೆ ಯಾಕೆ ಬೇಕಾಯಿತು ಅಂತ ಒಬ್ಬರು ಮೂರು ದಿನ ಕೇಳಿದರು. ಮೂರು ದಿನವೂ ಉತ್ತರ ಕೊಟ್ಟೆ.

ಆ ಲೆಕ್ಕದ ಪುಸ್ತಕವನ್ನು ಇವತ್ತು ತಂದಿದ್ದೇನೆ, ಆ ಮೇಜಿನ ಮೇಲಿದೆ. ಬೇಕಾದವರು ಫೋಟೋ ಹೊಡೆದುಕೊಳ್ಳಿ. ಮೊದಲನೇ ವರ್ಷದ ಪುಟಗಳನ್ನೂ ಹರಿದಿಲ್ಲ. ಹೆಡಿಗೆಯ ಸಾಲಿನಲ್ಲಿ 400 ಅಂತ ಬರೆದು ಹೊಡೆದುಹಾಕಿದ್ದು ಕಾಣುತ್ತದೆ. ಎರಡನೇ ವರ್ಷ ಕರೆಯಲು ಹೋದ ದಿನವೇ ಅದನ್ನು ಆ ಅಕ್ಕನಿಗೆ ವಾಪಸು ಕೊಟ್ಟೆವು. ಪಕ್ಕದಲ್ಲಿ ಅವರ ಸಹಿ ಇದೆ.